ಕೂಸಿಗೆ ಮ್ಯೂಸಿಕ್ ಕ್ಲಾಸ್ ಅಂದ್ರ ನಗೋರಿಗೂ, ಅದನ್ನ ಮಾರೋರಿಗೂ

ಭಾಗ 1/8

“ಆರು ತಿಂಗಳ ಕೂಸಿಗೆ ಮ್ಯೂಸಿಕ್ ಕ್ಲಾಸಾ? ರೊಕ್ಕ ಹೆಚ್ಚಾಗ್ಯಾವ ಬಿಡಪ್ಪ.”

ಬೆಂಗಳೂರಿನ ಯಾವುದೋ ಕ್ಲಾಸಿನ ರೀಲ್ ನಮ್ಮ ಬಿಕಾಂ ಗ್ರೂಪಿಗೆ ಬಂದಾಗ ಬಿದ್ದ ಮೊದಲ ಕಾಮೆಂಟ್ ಇದು. ಅದರ ಹಿಂದ ಸಾಲಾಗಿ ನಗೋ ಇಮೋಜಿ. ರೀಲ್‌ನಾಗ ಇದ್ದದ್ದು ಇಷ್ಟೇ: ಎಂಟ್ಹತ್ತು ತಾಯಂದಿರು ಗುಂಡಗ ಕುಂತಾರ, ಕೂಸುಗಳನ್ನ ತೊಡಿ ಮ್ಯಾಲ ಕುಣಿಸ್ಕೋತ ಹಾಡ್ತಾರ. ನಡುವ ಒಂದು ಟಬ್ ನೀರು, ಬಣ್ಣದ ಬಟ್ಟಿ ತುಂಡು, ಗಿಲಕಿ, ಸ್ಟೀಲ್ ಬಟ್ಟಲು. ಕೆಳಗ ಫೀಸು, ತಿಂಗಳಿಗೆ ಸಾವಿರಗಟ್ಟಲೆ. ಇದಕ್ಕ ‘ಸೆನ್ಸರಿ ಪ್ಲೇ’ ಅಂತ ಹೆಸರು.

ನಗೋರಿಗೆ ಒಂದು ಉತ್ತರ ಅದ, ಮಾರೋರಿಗೆ ಇನ್ನೊಂದು ಅದ. ಕ್ಲಾಸಿನಾಗ ನಡೆಯೋ ಕೆಲಸ ಸುಳ್ಳಲ್ಲ, ಕೂಸಿಗೆ ಅದು ಖರೇನ ಬೇಕು. ಆದ್ರ ಅದು ಫೀಸು ಕಟ್ಟೋರ ಮಕ್ಕಳಿಗೆ ಮಾತ್ರ ಬೇಕಾದ ಶೋಕಿ ಅಂತ ನಗೋರೂ ತಿಳ್ಕೊಂಡಾರ, ಮಾರೋರೂ ನಂಬ್ಸ್ಯಾರ. ದೇವಸುಗೂರಿನಾಗ ಹತ್ತಿ ಬಿಡಸಾಕ, ಮೆಣಸಿನಕಾಯಿ ಹರಿಯಾಕ ಹೋಗೋ ತಾಯಿ ಕೂಸಿಗೂ ಅದು ಅಷ್ಟೇ ಬೇಕು. ಕೊಡಬೇಕಾದ ಜಾಗ ನಮ್ಮ ಓಣಿಯಾಗ ಆಗಲೇ ಅದ. ಅದರ ಹೆಸರು ಅಂಗನವಾಡಿ.

ಒಂದು ಕ್ಯಾಪ್ಶನ್‌ನಾಗ ಹಿಡಿಯಂಗಿಲ್ಲ. ಎಂಟು ಭಾಗ ಹಾಕ್ತೀನಿ. ಪೂರಾ ಓದಿ ಬೈರಿ.

ಭಾಗ 2/8

ಮೊದಲು ಮಾರೋರು.

“ನಿಮ್ಮ ಮಗುವಿನ ಐಕ್ಯೂ ಹೆಚ್ಚಿಸಿ.” ಇಂಥ ಜಾಹೀರಾತು ಕಂಡ್ರ ಸ್ಕ್ರೋಲ್ ಮಾಡಿ ಮುಂದ ಹೋಗ್ರಿ. ಈ ಮಾತಿನ ಬೇರು ಎಲ್ಲದ ಗೊತ್ತೇನು? 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಅಮೆರಿಕದ ಸಂಶೋಧಕರು 36 ಜನರಿಗೆ ಹತ್ತು ನಿಮಿಷ ಮೊಜಾರ್ಟ್‌ನ ಪಿಯಾನೊ ಸಂಗೀತ ಕೇಳಿಸಿ, ಕಾಗದ ಮಡಚಿ ಕತ್ತರಿಸಿದರೆ ಹೆಂಗ ಕಾಣ್ತದ ಅನ್ನೋಂಥ ಲೆಕ್ಕ ಕೊಟ್ಟರು. ಸ್ವಲ್ಪ ಚಲೋ ಮಾಡಿದರು. ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ.

ಆ 36 ಜನ ಯಾರು? ಕಾಲೇಜು ಹುಡುಗ ಹುಡುಗಿಯರು. ನಮ್ಮ ವಯಸ್ಸಿನೋರು! ಅದರಾಗ ಒಂದು ಕೂಸೂ ಇರಲಿಲ್ಲ.

ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ ಇಲ್ಲವೇ ಸಿಡಿ ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ‘ಬೇಬಿ ಐನ್‌ಸ್ಟೈನ್’ ಅನ್ನೋ ವಿಡಿಯೋಗಳು ಮನೆಮನೆಗೆ ಹೋದವು. 2009ರಲ್ಲಿ ಡಿಸ್ನಿ ಕಂಪನಿ ಆ ಡಿವಿಡಿ ಕೊಂಡವರಿಗೆ ರೊಕ್ಕ ವಾಪಸ್ ಕೊಡಲು ಒಪ್ಪಿತು.

ಹತ್ತು ನಿಮಿಷದ ಒಂದು ಫಲಿತಾಂಶದಿಂದ ಇಷ್ಟು ದೊಡ್ಡ ಮಾರ್ಕೆಟ್. ಮಾರ್ಕೆಟಿಂಗ್ ಪೇಪರಿಗೆ ಓದೋರು ಇದನ್ನ ಕೇಸ್ ಸ್ಟಡಿ ಅಂತ ಬರ್ಕೋಬಹುದು.

ಭಾಗ 3/8

ಈಗ ನಗೋರು. “ಹಂಗಾದ್ರ ಎಲ್ಲಾ ಬೋಗಸ್ ಅಂತಾತಲ್ಲ?” ಅಂತೀರಿ. ಆಗಲಿಲ್ಲ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರು ತಿಂಗಳ ಕೂಸುಗಳು, ಎರಡು ಗುಂಪು. ಒಂದು ಗುಂಪಿನಲ್ಲಿ ತಂದೆ ತಾಯಿ ಕೂಸಿನ ಜೊತೆ ಕುಂತು ಜೋಗುಳ, ಕೈಕಾಲು ಆಡಿಸುವ ಹಾಡು ಹಾಡಿದರು. ಇನ್ನೊಂದರಲ್ಲಿ ಹಿಂದ ಸಿಡಿ ಹಾಡ್ತಿತ್ತು, ಕೂಸು ಆಟಿಕೆ ಹಿಡ್ಕೊಂಡು ಕುಂತಿತ್ತು. ಆರು ತಿಂಗಳು ಹಿಂಗ ನಡೀತು. ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನ ಕೂಸುಗಳು ಬೆರಳು ಮಾಡಿ ತೋರಿಸೋದು, ಟಾಟಾ ಮಾಡೋದು ಇಂಥದ್ದರಲ್ಲಿ ಮುಂದಿದ್ದವು. ಹೆಚ್ಚು ನಗ್ತಿದ್ದವು, ಅತ್ತರೆ ಸಮಾಧಾನ ಮಾಡೋದೂ ಸುಲಭವಾಗಿತ್ತು. ಹಾಡು ಎರಡೂ ಕಡೆ ಇತ್ತು. ಸಿಡಿ ಕಡೆ ಇಲ್ಲದ್ದು ಹಾಡೋ ಮನುಷ್ಯಾ.

ಇನ್ನೊಂದು. 2016, ವಾಷಿಂಗ್ಟನ್ ವಿಶ್ವವಿದ್ಯಾಲಯ. ಒಂಬತ್ತು ತಿಂಗಳ 39 ಕೂಸುಗಳು. ಅರ್ಧಕ್ಕ ಮೂರು ಎಣಿಕೆಯ ತಾಳದ ಸಂಗೀತದ ಜೊತೆ ಡ್ರಮ್ ಬಡಿಯುವ ಆಟ, ಉಳಿದವುಗಳಿಗೆ ಸಂಗೀತವಿಲ್ಲದ ಆಟ. ಹದಿನೈದು ನಿಮಿಷದ 12 ಸೆಶನ್. ಆಮೇಲೆ ಮೆದುಳಿನ ಸಂಕೇತ ಅಳೆದಾಗ, ತಾಳದ ಆಟ ಆಡಿದ ಕೂಸುಗಳು ಸಂಗೀತದ ಲಯ ತಪ್ಪಿದ್ದನ್ನೂ ಮಾತಿನ ಲಯ ಬದಲಾದದ್ದನ್ನೂ ಹೆಚ್ಚು ಗಟ್ಟಿಯಾಗಿ ಗುರುತಿಸಿದವು. ಕೂಸು ಮಾತು ಕಲಿಯೋದು ಅರ್ಥದಿಂದ ಶುರುವಾಗಂಗಿಲ್ಲ ನೋಡ್ರಿ. ಎಲ್ಲಿ ಒಂದು ಪದ ಮುಗೀತು, ಎಲ್ಲಿ ಇನ್ನೊಂದು ಹತ್ತಿತು ಅನ್ನೋದನ್ನ ಅದು ಮೊದಲು ಕಿವಿಯಿಂದ ಹಿಡೀಬೇಕು.

ನನಗ ಭಾಳ ಸೇರಿದ್ದು ಇದು. ಹದಿನಾಲ್ಕು ತಿಂಗಳ ಕೂಸನ್ನ ಹಾಡಿನ ತಾಳಕ್ಕ ಕುಣಿಸಿದರು. ಎದುರಿಗೆ ನಿಂತ ಅಪರಿಚಿತ ಹೆಂಗಸು ಅದೇ ತಾಳಕ್ಕ ಕುಣಿದಳು. ಆಮೇಲೆ ಆಕಿ ಕೈಯಿಂದ ಸಾಮಾನು ‘ಜಾರಿ ಬಿತ್ತು’. ಜೊತೆ ಸೇರಿ ಒಂದೇ ತಾಳಕ್ಕ ಕುಣಿದ ಕೂಸುಗಳು ಅದನ್ನ ಎತ್ತಿ ಕೊಡೋದು ಹೆಚ್ಚು, ತಾಳ ತಪ್ಪಿ ಕುಣಿದವು ಕೊಡೋದು ಕಡಿಮಿ. 2014ರಲ್ಲಿ ಪ್ರಕಟವಾದ ಕೆಲಸ ಇದು. ಮೊಹರಂನಾಗ ಹೆಗಲ ಮ್ಯಾಲ ಕೂಸು ಕುಂದ್ರಿಸ್ಕೊಂಡು ಹೆಜ್ಜಿ ಹಾಕೋ ನಮ್ಮ ಕಾಕಾಗೋಳು ಇಂಥ ಲ್ಯಾಬ್ ನೋಡಿದವರಲ್ಲ.

ಭಾಗ 4/8

“ಮೊಬೈಲ್‌ನಾಗ ರೈಮ್ಸ್ ಹಚ್ಚಿದ್ರ ಆತಲ್ಲ, ಅದೂ ಹಾಡೇ.” ಅಂಗನವಾಡಿ ಮುಂದ ನಿಂತು ಒಬ್ಬ ಮಾಮ ನನಗ ಹೇಳಿದ ಮಾತಿದು. ಅದಕ್ಕೂ ಉತ್ತರ ಸಿಕ್ಕಾದ, 2003ರಲ್ಲೇ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದರು. ಮನುಷ್ಯರು ಎದುರಿಗೆ ಕುಂತು ಆಡಿಸ್ಕೋತ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನ ಹಿಡಿದವು. ಅದೇ ಜನ, ಅದೇ ಮಾತು, ಟಿವಿಯಲ್ಲಿ ತೋರಿಸಿದಾಗ ಏನೂ ಹಿಡೀಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಸ್ಪಷ್ಟ: ಒಂದು ವರ್ಷದೊಳಗೆ ಸ್ಕ್ರೀನ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆ ಇದ್ದಷ್ಟೂ ಚಲೋ.

ಮೊಬೈಲ್ ಕೂಸಿನ ಮುಖ ನೋಡಂಗಿಲ್ಲ. ಕೂಸು ‘ಬಾ’ ಅಂದ್ರ ಅದು ತಿರುಗಿ ‘ಬಾ’ ಅನ್ನಂಗಿಲ್ಲ, ನಿಂದ್ರಂಗಿಲ್ಲ, ಕಾಯಂಗಿಲ್ಲ. ಅಜ್ಜಿ ಇದನ್ನೆಲ್ಲಾ ಮಾಡ್ತಾಳ, ಹಲ್ಲಿಲ್ಲದಿದ್ದರೂ.

ಸೆನ್ಸರಿ ಪ್ಲೇ ಅನ್ನೋ ಹೆಸರು ಕೇಳಿ ಹೆದರಬ್ಯಾಡ್ರಿ. ಮುಟ್ಟೋದು, ಬಡಿಯೋದು, ಸುರಿಯೋದು, ಮೂಸೋದು, ಬಾಯಾಗ ಇಟ್ಕೊಳ್ಳೋದು, ಇದಕ್ಕ ಇಟ್ಟ ಇಂಗ್ಲಿಷ್ ಹೆಸರದು. ನಮ್ಮಕ್ಕನ ಮಗಳಿಗೆ ಹದಿನಾಲ್ಕು ತಿಂಗಳು. ನಮ್ಮವ್ವ ಜೋಳದ ರೊಟ್ಟಿ ಬಡಿಯಾಕ ಕುಂತ್ರ ಇದು ಬಾಜು ಕುಂತು ನೆಲ ಬಡೀತದ. ಅವ್ವ ನಿಲ್ಲಿಸಿದ್ರ ಇದೂ ನಿಲ್ಲಿಸಿ ಮುಖ ನೋಡ್ತದ. ಒಂದು ಉಂಡಿ ಹಿಟ್ಟು ಕೈಗೆ ಕೊಟ್ಟರ ಒತ್ತಿ, ಹರಿದು, ಮೂಗಿಗೆ ಹಚ್ಕೊಂಡು ಅರ್ಧ ತಾಸು. ಬೆಂಗಳೂರಿನ ರೀಲ್‌ನಾಗೂ ಬಣ್ಣ ಹಾಕಿದ ಹಿಟ್ಟೇ ಇದ್ದದ್ದು.

ಹಂಗಂತ ಏನು ಬೇಕಾದ್ರೂ ಕೊಡೋದಲ್ಲ. ಕಡ್ಲಿ, ಶೇಂಗಾ, ತೊಗರಿ, ಮಣಿ, ಗುಂಡಿ ಇವು ಮೂಗಿಗೆ, ಗಂಟಲಿಗೆ ಹೋಗ್ತಾವ. ಮೂರು ವರ್ಷದ ಒಳಗ ಬ್ಯಾಡೇ ಬ್ಯಾಡ. ನೀರಿನ ಬಕೀಟಿನ ಮುಂದ ಒಂದು ನಿಮಿಷವೂ ಒಂಟಿ ಬಿಡಬಾರದು. ಮತ್ತ ನಮ್ಮ ದೇವಸುಗೂರು, ಶಕ್ತಿನಗರದ ಕಡೆಯವರು ಇನ್ನೊಂದು ನೋಡಬೇಕು. “ಮಣ್ಣಾಗ ಆಡಸ್ರಿ” ಅಂತ ಮೈಸೂರಿನವರು ಸುಲಭ ಹೇಳ್ತಾರ. ಹಾರುಬೂದಿ ಕೂಡೋ ಕಡೆ, ಟಿಪ್ಪರ್ ಓಡಾಡೋ ರಸ್ತೆ ಬಾಜು ಕೂಸು ಆಡಿಸೋದು ಆಟ ಅಲ್ಲ. ಒಳಗ, ಒರೆಸಿದ ನೆಲದ ಮ್ಯಾಲ, ಬುಟ್ಟಿ, ಮುಚ್ಚಳ, ಹಳೇ ಸೀರಿ. ಸಾಕು. ರಾಜ್ಯಕ್ಕ ಕರೆಂಟ್ ಕೊಡೋ ಊರಿನ ಕೂಸಿಗೆ ಆಡಾಕ ಸ್ವಚ್ಛ ಮಣ್ಣು ಹುಡುಕಬೇಕು ಅನ್ನೋದು ಬ್ಯಾರೆ ಜಗಳ, ಅದಕ್ಕ ಬ್ಯಾರೆ ಪೋಸ್ಟ್ ಹಾಕ್ತೀನಿ.

ಭಾಗ 5/8

ಬಿಕಾಂನವರ ಭಾಷೆಗೆ ಬರೋಣ. ಖರ್ಚು ಎಷ್ಟು, ರಿಟರ್ನ್ ಎಷ್ಟು?

ಜಮೈಕಾ ದೇಶದ ಕಿಂಗ್‌ಸ್ಟನ್ ನಗರ, 1986–87. ಬಡ ಓಣಿಗಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, 9ರಿಂದ 24 ತಿಂಗಳ 129 ಕೂಸುಗಳನ್ನ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅನ್ನೋ ವೈದ್ಯೆ ಮತ್ತು ಅವರ ತಂಡ ಆರಿಸಿಕೊಂಡರು. ಕೆಲವಕ್ಕ ಪೌಷ್ಟಿಕ ಹಾಲಿನ ಪುಡಿ. ಕೆಲವಕ್ಕ ಆಟ. ಕೆಲವಕ್ಕ ಎರಡೂ. ಉಳಿದವಕ್ಕ ಎರಡೂ ಇಲ್ಲ. ಆಟ ಅಂದ್ರ ಏನು? ವಾರಕ್ಕೊಮ್ಮೆ ಒಂದು ತಾಸು ಆರೋಗ್ಯ ಕಾರ್ಯಕರ್ತೆ ಮನೆಗೆ ಹೋಗಿ, ಖಾಲಿ ಡಬ್ಬಿ, ಬಾಟಲಿಯಿಂದ ಮಾಡಿದ ಆಟಿಕೆ ಹಿಡಿದು ತಾಯಿಗೆ ಕೂಸಿನ ಜೊತೆ ಆಡೋದು, ಮಾತಾಡೋದು, ಹಾಡೋದು ತೋರಿಸೋದು. ಎರಡು ವರ್ಷ.

ಇಪ್ಪತ್ತು ವರ್ಷ ಬಿಟ್ಟು ಅದೇ ಮಕ್ಕಳನ್ನ ಹುಡುಕಿದರು. ಆಗ ಅವರಿಗೆ 22 ವರ್ಷ. ಆಟ ಸಿಕ್ಕವರ ಗಳಿಕೆ, ಸಿಗದವರಿಗಿಂತ ಶೇ 25 ಹೆಚ್ಚು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಲೆಕ್ಕದ ಲೇಖಕರಲ್ಲಿ ಒಬ್ಬರು ಜೇಮ್ಸ್ ಹೆಕ್‌ಮನ್, 2000ದ ಅರ್ಥಶಾಸ್ತ್ರ ನೊಬೆಲ್ ಪಡೆದವರು. ಹಾಲಿನ ಪುಡಿ ಮಾತ್ರ ಸಿಕ್ಕವರಲ್ಲಿ ಅಷ್ಟು ವರ್ಷ ಉಳಿಯೋ ಲಾಭ ಕಾಣಲಿಲ್ಲ.

ಇದನ್ನ ಓದಿ “ಊಟ ಬ್ಯಾಡ, ಹಾಡು ಸಾಕು” ಅಂತ ಯಾರಾದ್ರೂ ಅಂದ್ರ ಅವರಿಗೆ ಮಧ್ಯಾಹ್ನ ಊಟ ಕೊಡದೆ ಎರಡು ಪದ ಹಾಡಸ್ರಿ. ಹಸಿದ ಕೂಸು ಆಡಂಗಿಲ್ಲ, ಮೊಟ್ಟಿ ಹಾಲು ಬೇಕೇ ಬೇಕು. ಆದ್ರ ಹೊಟ್ಟಿ ತುಂಬಿಸಿ ಮೂಲ್ಯಾಗ ಕುಂದ್ರಿಸಿದ್ರ ಅರ್ಧ ಕೆಲಸ.

“ಅದು ಜಮೈಕಾ” ಅಂತೀರಾ? ಒಡಿಶಾ ದೂರ ಇಲ್ಲ. ಅಲ್ಲಿನ ಹಳ್ಳಿಗಳಲ್ಲಿ ಇದೇ ಪದ್ಧತಿಯನ್ನ ಎರಡು ರೀತಿ ಮಾಡಿ ನೋಡಿದರು: ಒಂದು ಮನೆಮನೆಗೆ ಹೋಗೋದು, ಇನ್ನೊಂದು ತಾಯಿ ಕೂಸುಗಳನ್ನ ಗುಂಪಾಗಿ ಒಂದು ಕಡೆ ಕೂಡಿಸೋದು. ನಡೆಸಿದವರು ಊರಿನ ಹೆಣ್ಣುಮಕ್ಕಳೇ. 2020ರಲ್ಲಿ ಪ್ರಕಟವಾದ ಫಲಿತಾಂಶ: ಕೂಸುಗಳ ಬುದ್ಧಿ, ಮಾತಿನ ಬೆಳವಣಿಗೆಗೆ ಎರಡೂ ಉಪಯೋಗ, ಗುಂಪಿನದು ಖರ್ಚು ಭಾಳ ಕಡಿಮಿ. ಆ ಗುಂಪಿನ ಪದ್ಧತಿಗೂ ನೀವು ನಕ್ಕ ರೀಲ್‌ಗೂ ಏನು ಫರಕು? ಎಸಿ, ಫೀಸು, ಕ್ಯಾಮೆರಾ.

ಭಾಗ 6/8

ಹಾಡು ಎಲ್ಲಿಂದ ತರಬೇಕು ಅಂತ ರಾಯಚೂರು ಜಿಲ್ಲೆಯವರು ಕೇಳಿದ್ರ ಸೂಗೂರೇಶ್ವರನೇ ನಗ್ತಾನ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ನಮ್ಮ ಮಾನ್ವಿ ಕಡೆ. ಜಗನ್ನಾಥದಾಸರೂ ಆ ಕಡೆಯವರೇ. ಮೊಹರಂ ಪದ, ತತ್ವಪದ, ಸೋಬಾನ, ಬೀಸೋ ಪದ, ತೊಟ್ಟಿಲಿಗೆ ಹಾಕುವಾಗಿನ ಹಾಡು, ಯಾವುದು ಕಡಿಮಿ ಅದ? ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಅದರಾಗ ಕೂಸಿನ ಮ್ಯಾಲಿನ ತ್ರಿಪದಿಗಳೇ ಎಷ್ಟೋ. ಅವು ಪುಸ್ತಕಕ್ಕಂತ ಹುಟ್ಟಿದ ಹಾಡಲ್ಲ, ಜೋಳಿಗಿ ತೂಗುವಾಗ ಹುಟ್ಟಿದವು.

ಈಗ ತೂಗೋ ಕೈಯಾಗ ಮೊಬೈಲ್ ಅದ. ಅದಕ್ಕ ತಾಯಂದಿರನ್ನ ಬೈಯ್ಯೋದು ನನಗ ಸೇರಂಗಿಲ್ಲ. ಮುಂಜಾನಿ ಆರಕ್ಕ ಹೊಲಕ್ಕ ಹೋಗಿ ಸಂಜಿ ಬಂದು ಒಲಿ ಹಚ್ಚೋ ಹೆಣ್ಣುಮಗಳಿಗೆ “ನೀನು ಕೂಸಿಗೆ ಹಾಡವಲ್ಲಿ” ಅನ್ನೋದು ಸುಲಭ. ಅದೇ ಹೊತ್ತಿಗೆ ಕಟ್ಟಿ ಮ್ಯಾಲ ಕುಂತ ಗಂಡಸರು ಎಷ್ಟು ಮಂದಿ? ನಾನು ಅಕ್ಕನ ಮಗಳಿಗೆ ಹಾಡೋದನ್ನ ಸ್ಟೋರಿ ಹಾಕಿದಾಗ “ಯಾಕಲೇ, ಅವ್ವ ಆದೇನು?” ಅಂತ ಮೆಸೇಜ್ ಬಂದ್ವು. ಇಲ್ಲೋ ದೋಸ್ತ, ಮಾಮ ಆಗೀನಿ. ಕ್ರಿಕೆಟ್ ನೋಡ್ಕೋತ ಎರಡು ತಾಸು ಕುಂದ್ರೋ ನಿನಗ ಹದಿನೈದು ನಿಮಿಷ ತಮ್ಮನ್ನ ತೊಡಿ ಮ್ಯಾಲ ಕುಣಿಸಾಕ ಏನು ರೋಗ? ರಾಗ ಬರಂಗಿಲ್ಲ ಅಂತೀಯಾ? ಕೂಸು ಜಡ್ಜ್ ಅಲ್ಲ. ಹಾಸ್ಟೆಲ್ ಬಾತ್‌ರೂಮಿನಾಗ ಹಾಡೋದನ್ನೇ ಹಾಡು.

ಡಿಜೆ ಬಗ್ಗೆ ಒಂದು ಮಾತು. ಮದುವಿ ಮೆರವಣಿಗಿಯಾಗ ಡಬ್ಬದಂಥ ಸ್ಪೀಕರ್ ಮುಂದ ಆರು ತಿಂಗಳ ಕೂಸು ಎತ್ಕೊಂಡು ಕುಣಿಯೋದು ಮ್ಯೂಸಿಕ್ ಕ್ಲಾಸ್ ಅಲ್ಲ. ದೊಡ್ಡವರ ಎದಿ ನಡುಗೋ ಸಪ್ಪಳ ಕೂಸಿನ ಕಿವಿಗೆ ಪೆಟ್ಟು. ದೂರ ಒಯ್ರಿ.

ಹಾಡಿನಿಂದ ಇನ್ನೊಂದು ಲಾಭ, ಯಾವ ಕ್ಲಾಸಿನವರೂ ಹೇಳೋದು ನಾನು ಕಂಡಿಲ್ಲ. ದಿನಾ ಹಾಡೋ ಮನ್ಯಾಗ ಕೂಸಿಗೆ ಕಿವಿ ಕೇಳ್ತದೋ ಇಲ್ಲೋ ಲಗೂನ ಗೊತ್ತಾಗ್ತದ. ಗಿಲಕಿ ಅಲ್ಲಾಡಿಸಿದ್ರ, ಹಿಂದಿನಿಂದ ಹೆಸರು ಕರೆದ್ರ ಒಂಬತ್ತು ತಿಂಗಳಾದರೂ ತಿರುಗದ ಕೂಸನ್ನ “ನಮ್ಮಪ್ಪನೂ ತಡಾ ಮಾತಾಡಿದ್ದ” ಅಂತ ಬಿಡಬ್ಯಾಡ್ರಿ. ಆಶಾ ಅಕ್ಕನಿಗೆ ಹೇಳಿ ರಿಮ್ಸ್‌ಗೆ ಒಯ್ದು ತೋರಿಸ್ರಿ. ಹುಟ್ಟಿದ ಮಕ್ಕಳ ಇಂಥ ತೊಂದರೆ ಹುಡುಕಾಕಂತ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದ, ಪುಕ್ಕಟೆ.

ಭಾಗ 7/8

ಈಗ ಅಂಗನವಾಡಿ. ಸಿಟ್ಟು ಬರೋದು ಇಲ್ಲೇ.

1975ರ ಅಕ್ಟೋಬರ್ 2ಕ್ಕ ಐಸಿಡಿಎಸ್ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದ ಮೊದಲ ಜಾಗ ಟಿ. ನರಸೀಪುರ. ಪೂರಕ ಆಹಾರ, ಲಸಿಕೆ, ತಪಾಸಣೆಯ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸ ಅಂತ ಮೊದಲ ದಿನವೇ ಬರೆದಿತ್ತು. ನಮ್ಮ ರಾಜ್ಯದ ಅಂಗನವಾಡಿಗೆ ‘ಚಿಲಿಪಿಲಿ’ ಅಂತ ಪಠ್ಯವೇ ಅದ: ಹಾಡು, ಕಥಿ, ಆಟ. 2024ರಲ್ಲಿ ಕೇಂದ್ರ ಸರ್ಕಾರ ಹುಟ್ಟಿನಿಂದ ಮೂರು ವರ್ಷದ ತನಕದ ಕೂಸುಗಳಿಗಂತ ‘ನವಚೇತನಾ’ ಅನ್ನೋ ಚೌಕಟ್ಟು ತಂದಿತು. ಕೂಸಿನ ಜೊತೆ ಆಡ್ರಿ, ಮಾತಾಡ್ರಿ, ಹಾಡ್ರಿ ಅನ್ನೋದೇ ಅದರ ಸಾರ. ಅಂದ್ರ ಸರ್ಕಾರಕ್ಕ ಗೊತ್ತಿಲ್ಲ ಅಂತಿಲ್ಲ. ಕಾಗದದಾಗ ಎಲ್ಲಾ ಅದ.

ಓಣಿಯಾಗ ಏನದ? ಒಬ್ಬ ಟೀಚರ್, ಒಬ್ಬ ಸಹಾಯಕಿ. ತೂಕ ಹಾಕಬೇಕು, ಎತ್ತರ ಅಳೀಬೇಕು, ಪೋಷಣ್ ಟ್ರ್ಯಾಕರ್ ಆಪ್‌ನಾಗ ಏರಿಸಬೇಕು, ನೆಟ್‌ವರ್ಕ್ ಕಾಯಬೇಕು, ಗರ್ಭಿಣಿಯರ ಊಟ, ರಿಜಿಸ್ಟರ್, ಸರ್ವೆ, ಚುನಾವಣೆ ಬಂದ್ರ ಅದೂ. ಇಷ್ಟೆಲ್ಲಾ ಆದ ಮ್ಯಾಲ “ಅಕ್ಕಾರ, ಇವತ್ತು ಹಾಡ್ಯಾಡಿದ್ರೇನು?” ಅಂತ ಕೇಳೋ ಅಧಿಕಾರಿ ಯಾರು? ಮೊಟ್ಟಿ ಎಷ್ಟು ಬಂದ್ವು ಅಂತ ಲೆಕ್ಕ ಅದ, ಹಾಡು ಎಷ್ಟು ಆದ್ವು ಅಂತ ಕಾಲಂ ಇಲ್ಲ. ಕಾಲಂ ಮಾಡಿದ್ರ ಅದನ್ನೂ ಟೀಚರೇ ತುಂಬಬೇಕು, ಅದು ಇನ್ನೊಂದು ಕರ್ಮ.

ತಂದೆ ತಾಯಿ ಕಡೆಯಿಂದ ಬರೋ ಒತ್ತಡ ಬ್ಯಾರೆ. ಮೂರು ವರ್ಷದ ಹುಡುಗ ಎಬಿಸಿಡಿ ಬರೀವಲ್ಲ ಅಂತ ಜಗಳ. “ಅಂಗನವಾಡ್ಯಾಗ ಬರೇ ಹಾಡಸ್ತಾರ, ಆಡಸ್ತಾರ, ಕಲ್ಸಂಗಿಲ್ಲ” ಅಂತಾರ. ಅಂತ ಹೇಳಿ ಸಾಲ ಮಾಡಿ ಪ್ರೈವೇಟ್ ಎಲ್‌ಕೆಜಿಗೆ ಹಾಕ್ತಾರ. ಅಲ್ಲಿ ಮೂರೂವರೆ ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಒಂದು ಪುಟ ‘ಎ’ ಬರಸ್ತಾರ. ಬೆಂಗಳೂರಿನ ಶ್ರೀಮಂತರು ಸಾವಿರಗಟ್ಟಲೆ ಕೊಟ್ಟು ಕೊಂಡ್ಕೊಳ್ಳೋ ಆಟ ನಮಗ ಪುಕ್ಕಟೆ ಸಿಕ್ಕರ ಅದು ಟೈಂಪಾಸ್. ನಾವು ರೊಕ್ಕ ಕೊಟ್ಟು ಕೊಂಡ್ಕೊಳ್ಳೋದು ಕೈಬೆರಳು ನೋವು.

ಇನ್ನ ಮೂರರ ಕೆಳಗಿನವರು? ಅವರ ಪಾಲಿಗೆ ಅಂಗನವಾಡಿ ಅಂದ್ರ ತೂಕದ ತಕ್ಕಡಿ ಮತ್ತ ಮನಿಗೆ ಒಯ್ಯೋ ಆಹಾರದ ಪಾಕೀಟು. ಮೆದುಳು ಎಲ್ಲಕ್ಕಿಂತ ಜೋರಾಗಿ ಬೆಳೆಯೋ ಆ ಸಾವಿರ ದಿನ ಅವರು ಎಲ್ಲಿರ್ತಾರ? ಹೊಲದ ಬದುವಿನ ಮ್ಯಾಲ, ಗಿಡಕ್ಕ ಕಟ್ಟಿದ ಜೋಳಿಗ್ಯಾಗ. ಇಲ್ಲಂದ್ರ ಗುಳೆ ಹೋದ ತಾಯಿ ಜೊತೆ ಬೆಂಗಳೂರಿನ ಯಾವುದೋ ಕಟ್ಟಡದ ಸಿಮೆಂಟ್ ಚೀಲದ ಬಾಜು. ಬಹುಶಃ ಮ್ಯಾಲಿನ ಮಹಡಿಯಾಗ ಆ ಮ್ಯೂಸಿಕ್ ಕ್ಲಾಸ್ ಬರ್ತದ.

ಭಾಗ 8/8

ನರೇಗಾ ಕೆಲಸಕ್ಕ ಹೋಗೋ ತಾಯಂದಿರ ಸಣ್ಣ ಕೂಸುಗಳಿಗಂತ 2023–24ರ ರಾಜ್ಯ ಬಜೆಟ್‌ನಾಗ ‘ಕೂಸಿನ ಮನೆ’ ಘೋಷಿಸಿದರು, 4,000 ಗ್ರಾಮ ಪಂಚಾಯ್ತಿಗಳಲ್ಲಿ. ಹೆಸರು ಎಷ್ಟು ಚಂದ ಅದ ನೋಡ್ರಿ. ಮೂರರ ಕೆಳಗಿನ ಕೂಸಿಗೆ ಹಾಡು, ಆಟ ಕೊಡಾಕ ಇದಕ್ಕಿಂತ ಸರಿ ಜಾಗ ಹಳ್ಯಾಗ ಇನ್ನೊಂದಿಲ್ಲ. ರಾಯಚೂರು 2018ರಿಂದ ಕೇಂದ್ರದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಾಗ ಅದ. ಕರ್ನಾಟಕದಿಂದ ಎರಡೇ ಜಿಲ್ಲೆ, ನಾವು ಮತ್ತ ಯಾದಗಿರಿ. ಹಿಂದುಳಿದೀವಿ ಅನ್ನೋದಕ್ಕ ಇಟ್ಟ ಚಂದ ಹೆಸರದು. 371(ಜೆ) ಅಂತ ಭಾಷಣ ಕೇಳ್ಕೋತ ಬೆಳೆದೀವಿ. ಆ ಮೀಸಲಾತಿ ನಮಗ ಸಿಗೋದು 18ಕ್ಕ, ಸೀಟಿಗೆ, ಆಮೇಲೆ ನೌಕರಿಗೆ. ಒಂದೂವರೆ ವರ್ಷದಾಗ ತಪ್ಪಿದ್ದನ್ನ 18ಕ್ಕ ಕೊಡೋ ಸೀಟು ಪೂರಾ ತುಂಬಿ ಕೊಡಂಗಿಲ್ಲ.

ಅದಕ್ಕ ಕೇಳೋದು ಹೆಚ್ಚೇನಿಲ್ಲ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗ್ರಿ. ಸಿಸಿ ರೋಡು, ಚರಂಡಿ ಮಾತು ಮುಗಿದ ಮ್ಯಾಲ ಎದ್ದು ನಿಂತು ಮೂರು ಪ್ರಶ್ನೆ ಕೇಳ್ರಿ: ನಮ್ಮ ಪಂಚಾಯ್ತ್ಯಾಗ ಕೂಸಿನ ಮನೆ ಅದನೋ ಇಲ್ಲೋ? ಇದ್ರ ಇವತ್ತು ಬೀಗ ತೆಗ್ದದೋ ಇಲ್ಲೋ? ತೆಗ್ದಿದ್ರ ಕೂಸು ನೋಡ್ಕೊಳ್ಳೋ ಅಕ್ಕಗ ಹಾಡು, ಆಟದ ತರಬೇತಿ ಕೊಟ್ಟಾರೋ, ಪಗಾರ ಟೈಮಿಗೆ ಬರ್ತದೋ? ಉತ್ತರ ವಿಡಿಯೋ ಮಾಡ್ಕೊಳ್ರಿ. ನಗೋರು ನಗ್ತಾರ. “ಏನಪ್ಪ, ಕೂಸಿಗೆ ಹಾಡಿನ ಸಲುವಾಗಿ ಗ್ರಾಮಸಭೆಗೆ ಬಂದ್ಯಾ?” ಅಂತಾರ. ಹೌದು ಅಂತ ಹೇಳ್ರಿ.

ಅಂಗನವಾಡಿ ಟೀಚರಿಗೆ ಆಪ್ ಏರಿಸೋದ್ರಾಗ ಸಹಾಯ ಬೇಕಿದ್ರ ನಮ್ಮಂಥ ಡಿಗ್ರಿ ಹುಡುಗರು ತಿಂಗಳಿಗೆ ಎರಡು ದಿನ ಕುಂದ್ರಬಹುದು. ಎಕ್ಸೆಲ್ ಕಲ್ತೀವಲ್ಲ, ಎದಕ್ಕ ಅದು? ಆಕಿಗೆ ಉಳಿದ ಆ ಎರಡು ತಾಸು ಹಾಡಿಗೆ ಹೋಗಲಿ.

ಮತ್ತ ಒಂದು ಕೆಲಸ ಈ ವಾರವೇ. ನಿಮ್ಮ ಮನ್ಯಾಗ ಅಜ್ಜಿ, ಅವ್ವ, ಅತ್ತಿ ಹಾಡೋ ಜೋಗುಳ ರೆಕಾರ್ಡ್ ಮಾಡಿ ನನಗ ಡಿಎಂ ಮಾಡ್ರಿ. ದೇವದುರ್ಗದ್ದು, ಮಾನ್ವಿದು, ಲಿಂಗಸುಗೂರಿಂದು, ಗಡಿ ಆಚೆ ಮಕ್ತಲ್ ಕಡೇದು ತೆಲುಗು ಕೂಡಿದ್ದಿದ್ರೂ ನಡೀತದ. ಯಾರು ಹಾಡಿದ್ದು, ಯಾವ ಊರು ಅಂತ ಬರೀರಿ, ಹಾಡಿದವರನ್ನ ಕೇಳಿಯೇ ಕಳಸ್ರಿ. ಕೂಸಿನ ಮುಖ ಮಾತ್ರ ಹಾಕಬ್ಯಾಡ್ರಿ. ಇಪ್ಪತ್ತು ಕೂಡಿದ್ರ ಪೆನ್‌ಡ್ರೈವ್‌ಗೆ ಹಾಕಿ ನಮ್ಮ ಓಣಿಯ ಟೀಚರಕ್ಕಗ ಕೊಡ್ತೀನಿ. ಕೂಸುಗಳ ಮುಂದ ಹಚ್ಚಾಕಲ್ಲ. ಆಕಿ ಕೇಳಿ ಕಲ್ತು ಹಾಡಲಿ ಅಂತ.

#ದೇವಸುಗೂರು #ರಾಯಚೂರು #ಕೂಸಿನಹಾಡು #ಅಂಗನವಾಡಿ #ಕಲ್ಯಾಣಕರ್ನಾಟಕ